ಜಿಟಿಒ ಎಂದು ಕೊಂಡೆ, ಮನೆಗೆ ಬಂದದ್ದು ಲೆಮಾನ್ಸ್

ಅಮೆರಿಕದ ಹಳೆಯ ವೇಗದ ಕಾರಾದ 1965ರ ಪಾಂಟಿಯಾಕ್ ಜಿಟಿಒ ಹುಡುಕುತ್ತಿರುವವರು ದಯವಿಟ್ಟು ಮುಂಗಡ ಕೊಡುವ ಮೊದಲು ಇದನ್ನು ಓದಿ. ಕಳೆದ ವರ್ಷ ಮಿಷಿಗನ್‌ನಲ್ಲಿ ನಾನು 52,000 ಡಾಲರ್ ಕೊಟ್ಟು ತಂದ ಕಾರು ಜಿಟಿಒ ಅಲ್ಲ. ಪಾಂಟಿಯಾಕ್ ಕಂಪನಿಯದೇ ಸಾಧಾರಣ ಕಾರಾದ ಲೆಮಾನ್ಸ್‌ಗೆ ಜಿಟಿಒ ವೇಷ ತೊಡಿಸಿ ನನಗೆ ಮಾರಿದರು.

ಏನೂ ವಿಚಾರಿಸದೆ ಹಳ್ಳಕ್ಕೆ ಬಿದ್ದವನಲ್ಲ ನಾನು. ಚಾಲಕನ ಬಾಗಿಲು ತೆರೆದು, ಕೀಲಿನ ಬಳಿಯ ತಗಡಿನ ಮೇಲಿದ್ದ ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆಯನ್ನು ಓದಿದ್ದೆ. "ಇದು 237ರಿಂದ ಶುರುವಾಗುತ್ತದೆ, ಜಿಟಿಒಗೆ 242 ಇರಬೇಕಲ್ಲವೇ?" ಎಂದು ಮಾರುವವರನ್ನು ಕೇಳಿಯೂ ಇದ್ದೆ. "242 ಬಂದದ್ದು 1966ರಲ್ಲಿ. 1965ರ ಜಿಟಿಒಗಳೆಲ್ಲ 237" ಎಂದರು. ಮನೆಗೆ ಬಂದು ಹುಡುಕಿ ನೋಡಿದೆ. ಅವರು ಹೇಳಿದ್ದು ನಿಜವೇ ಆಗಿತ್ತು. ಆ ಒಂದು ನಿಜವನ್ನು ನಂಬಿ ಉಳಿದದ್ದನ್ನೆಲ್ಲ ನಂಬಿಬಿಟ್ಟೆ.

ಇದರ ಹಿಂದೆ ಒಂದು ಕಥೆ ಇದೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಎಂಬ ನಿಯಮ ಪಾಂಟಿಯಾಕ್‌ನ ಮಾತೃಸಂಸ್ಥೆ ಜನರಲ್ ಮೋಟಾರ್ಸ್‌ನಲ್ಲಿತ್ತು. ಪಾಂಟಿಯಾಕ್‌ನಲ್ಲಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 389 ಘನ ಇಂಚಿನ ಎಂಜಿನ್ನನ್ನು ಹೊಸ ಮಾದರಿಯಾಗಿ ತರದೆ, ಲೆಮಾನ್ಸ್ ಕೊಳ್ಳುವವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳಬಹುದಾದ ಆಯ್ಕೆಯಾಗಿ ಪಟ್ಟಿಗೆ ಸೇರಿಸಿದರು. ಜಿಟಿಒ ಹುಟ್ಟಿದ್ದು ಹೀಗೆ. 1966ರಲ್ಲಿ ಅದು ಪ್ರತ್ಯೇಕ ಮಾದರಿಯಾಗುವವರೆಗೂ ತಗಡಿನ ಸಂಖ್ಯೆಯಲ್ಲಿ ಎರಡಕ್ಕೂ ಭೇದವಿಲ್ಲ. 1965ರಲ್ಲಿ ತಯಾರಾದ ಜಿಟಿಒಗಳು 75,352. ತಗಡಿನ ಮೇಲಿನ ಸಂಖ್ಯೆಯೊಂದನ್ನೇ ತೋರಿಸಿ ಅವುಗಳಲ್ಲಿ ಯಾವುದನ್ನೂ ಜಿಟಿಒ ಎಂದು ಸಾಧಿಸಲಾಗದು. 237 ಎಂದರೆ 'ಜಿಟಿಒ ಆಗಿರಬಹುದು' ಎಂದಷ್ಟೇ ಅರ್ಥ. ಆಸೆ ಹತ್ತಿದ್ದ ನನ್ನ ಮನಸ್ಸು 'ಜಿಟಿಒ' ಎಂದೇ ಓದಿಕೊಂಡಿತು.

ನೋಡಲು ಏನೂ ಕೊರತೆ ಇರಲಿಲ್ಲ. ಬಾನೆಟ್ ಮೇಲೆ ಉಬ್ಬು, ಬದಿಯಲ್ಲಿ 6.5 ಲೀಟರ್ ಬ್ಯಾಡ್ಜ್, ಒಳಗೆ ಸಾಲಾಗಿ ಮೂರು ಕಾರ್ಬ್ಯುರೇಟರ್, ನಾಲ್ಕು ಗೇರು. ಇವೆಲ್ಲ ಇಂದು ಹೊಸದಾಗಿಯೇ ಸಿಗುತ್ತವೆ.

ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಎಂಬ ಸಂಸ್ಥೆಯ ಬಳಿ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ವಿಐಎನ್ ಕಳುಹಿಸಿ ಶುಲ್ಕ ಕಟ್ಟಿದರೆ ಆ ಕಾರಿನ ಜಾತಕವನ್ನೇ ಕೊಡುತ್ತಾರೆ. ನಾನು ಅದನ್ನು ತರಿಸಿದ್ದು ಕಾರು ಕೊಂಡ ಮೇಲೆ, ಚೌಕಟ್ಟು ಹಾಕಿಸಿ ಗ್ಯಾರೇಜಿನ ಗೋಡೆಗೆ ತೂಗುಹಾಕಲೆಂದು. ಕಾಗದದಲ್ಲಿದ್ದದ್ದು 326 ಘನ ಇಂಚಿನ ಎಂಜಿನ್ ಮತ್ತು ಎರಡು ಗೇರಿನ ಆಟೊಮ್ಯಾಟಿಕ್. ಜಿಟಿಒ ಎಂಬ ಮಾತೇ ಇರಲಿಲ್ಲ. ಮೂರು ಸಲ ಓದಿದೆ. ಕೈ ನಡುಗುತ್ತಿತ್ತು.

ಆ ರಾತ್ರಿ ಟಾರ್ಚ್ ಹಿಡಿದು ಎಂಜಿನ್ ಮುಂದೆ ಕುಳಿತೆ. ಪಾಂಟಿಯಾಕ್‌ನ ಈ ವಿ8 ಎಂಜಿನ್‌ಗಳು, 326 ಇರಲಿ 389 ಇರಲಿ, ಹೊರಗಿನ ಗಾತ್ರದಲ್ಲಿ ಒಂದೇ. ಕಣ್ಣಳತೆ ನಡೆಯದು. ಎಂಜಿನ್ನಿನ ಮುಂಭಾಗದಲ್ಲಿ, ಪ್ರಯಾಣಿಕರ ಬದಿಯಲ್ಲಿ, 'ಡಬ್ಲ್ಯುಎಸ್' ಎಂಬ ಅಕ್ಷರಗಳಿದ್ದವು. ಮೂರು ಕಾರ್ಬ್ಯುರೇಟರಿನ, 360 ಅಶ್ವಶಕ್ತಿಯ, ಕೈಗೇರಿನ ಎಂಜಿನ್ನಿಗೆ ಅದೇ ಗುರುತು. ಕೊಳ್ಳುವಾಗ ಅದನ್ನು ಕಂಡು ಹಿಗ್ಗಿದ್ದೆ. ಈಗ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಸುತ್ತಲಿನ ಎರಕ ಒರಟು, ಅಕ್ಷರದ ಕೆಳಗಿನ ಜಾಗ ಮಾತ್ರ ಅರದಿಂದ ಉಜ್ಜಿದಷ್ಟು ನುಣುಪು. 'ಡಬ್ಲ್ಯು' ಆಳವಾಗಿತ್ತು, 'ಎಸ್' ತೇಲಿತ್ತು. ಹಳೆಯ ಗುರುತನ್ನು ಅಳಿಸಿ ಯಾರೋ ಹೊಸದಾಗಿ ಹೊಡೆದಂತಿತ್ತು.

ಹಿಂಭಾಗದಲ್ಲಿ, ಡಿಸ್ಟ್ರಿಬ್ಯೂಟರ್ ಬಳಿ, ಎರಕದ ದಿನಾಂಕವಿರುತ್ತದೆ. ಮೊದಲ ಅಕ್ಷರ ತಿಂಗಳು, ನಂತರ ದಿನ, ಕೊನೆಯ ಅಂಕಿ ವರ್ಷ. ಎಣ್ಣೆಯ ಜಿಡ್ಡು ಒರೆಸಿದಾಗ ಕಂಡದ್ದು 'ಸಿ 12 5', ಅಂದರೆ 1965ರ ಮಾರ್ಚ್ 12. ಎಂಜಿನ್ ಹಿಂದಿನ ಅಡ್ಡಗೋಡೆಯ ತಗಡಿನಲ್ಲಿ ಕಾರಿನ ಮೈಕಟ್ಟಿನ ದಿನಾಂಕ '11ಎ', ಅಂದರೆ 1964ರ ನವೆಂಬರ್ ಮೊದಲ ವಾರ. ಕಾರು ತಯಾರಾಗಿ ನಾಲ್ಕು ತಿಂಗಳಾದ ಮೇಲೆ ಎರಕ ಹೊಯ್ದ ಎಂಜಿನ್ ಅದರೊಳಗೆ ಹುಟ್ಟಿನಿಂದ ಇರಲು ಹೇಗೆ ಸಾಧ್ಯ? ಇಷ್ಟು ನೋಡಲು ನನಗೆ ಹಿಡಿದದ್ದು ಒಂದು ಗಂಟೆ, ಒಂದು ಹಳೆಯ ಬಟ್ಟೆ.

ಮಾರಿದವರಿಗೆ ಫೋನ್ ಮಾಡಿದೆ. "ನಾನು ಕೊಂಡಾಗಲೂ ಹೀಗೇ ಇತ್ತು" ಎಂದರು. ವಕೀಲರ ಬಳಿ ಹೋದೆ. ಅವರು ಮಾರಾಟದ ಪತ್ರ ತೆಗೆದು ಬೆರಳಿಟ್ಟು ತೋರಿಸಿದರು: '1965 ಪಾಂಟಿಯಾಕ್, ಎರಡು ಬಾಗಿಲು, ಇದ್ದ ಸ್ಥಿತಿಯಲ್ಲೇ.' ಜಿಟಿಒ ಎಂದು ಎಲ್ಲಿಯೂ ಬರೆದಿರಲಿಲ್ಲ. ನಾನು ಓದದೆ ಸಹಿ ಹಾಕಿದ್ದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಕಾರ್ಖಾನೆಯ ದಾಖಲೆಯನ್ನು ನೀವೇ ತರಿಸಿ. ಮಾರುವವರು ತೋರಿಸುವ ನಕಲು ಬೇರೊಂದು ಕಾರಿನದಾಗಿರಬಹುದು. ಅದು ಕೈಗೆ ಬರುವವರೆಗೆ ಕಾಯಲು ಅವರು ಒಪ್ಪದಿದ್ದರೆ ಕಾರು ಅವರಲ್ಲೇ ಇರಲಿ. "ಶನಿವಾರ ಇನ್ನೊಬ್ಬರು ಬರುತ್ತಾರೆ" ಎಂದು ನನಗೂ ಹೇಳಿದ್ದರು. ದಾಖಲೆ ಸರಿಯಿದ್ದರೆ 'ಕಾರ್ಖಾನೆಯಿಂದಲೇ ಜಿಟಿಒ' ಎಂದು ಮಾರಾಟದ ಪತ್ರದಲ್ಲಿ ಬರೆಸಿಕೊಳ್ಳಿ.

ಲೆಮಾನ್ಸ್ ಒಳ್ಳೆಯ ಕಾರೇ. ಲೆಮಾನ್ಸ್ ಎಂದೇ ಮಾರಿದ್ದರೆ, ಅದರ ಬೆಲೆಗೆ ಸಂತೋಷದಿಂದ ಕೊಳ್ಳುತ್ತಿದ್ದೆ. ಅದೀಗ ನನ್ನ ಗ್ಯಾರೇಜಿನಲ್ಲಿದೆ, ಜಿಟಿಒ ಬ್ಯಾಡ್ಜುಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದ್ದೇನೆ. ಮುಂದೆಂದಾದರೂ ಮಾರಿದರೆ, ಕಾರ್ಖಾನೆಯ ದಾಖಲೆಯ ಆ ಕಾಗದವನ್ನು ಕೊಳ್ಳುವವರ ಕೈಗಿಟ್ಟ ಮೇಲೆಯೇ ಬೆಲೆಯ ಮಾತು.