ನಮ್ಮ ಬೀದಿಯ ಪುಸ್ತಕದಂಗಡಿಯಲ್ಲಿ ಜಾಝ್, ಕವಿತೆ

ಶಿವಮೊಗ್ಗ ಸುಬ್ಬಣ್ಣ ಅವರ ಸುಗಮ ಸಂಗೀತ ಕೇಳಿ ಬೆಳೆದ ಕಿವಿ ನನ್ನದು. ಕನ್ನಡ ಕವಿತೆಗೆ ಜಾಝ್ ಹೊಂದುತ್ತಾ ಅಂತ ಅನುಮಾನ ಇತ್ತು. ಶನಿವಾರ ಸಂಜೆ ಅದು ಹೋಯಿತು. ಕಪಾಟುಗಳನ್ನು ಪಕ್ಕಕ್ಕೆ ಸರಿಸಿ ಚಾಪೆ ಹಾಸಿದ್ದರು. ಡ್ರಮ್ಸ್ ಹುಡುಗ ಕೋಲು ಬಿಟ್ಟು ತಂತಿ ಬ್ರಶ್ ಹಿಡಿದು ಮೆಲ್ಲಗೆ ಸವರಿದ. ಹೆಂಚಿನ ಮೇಲೆ ಬೀಳುವ ಸೋನೆ ಮಳೆಯದೇ ಸದ್ದು! ಒಬ್ಬರು ಅಡಿಕೆ ಸುಲಿಯುವ ಅಮ್ಮನ ಬಗ್ಗೆ ಕವಿತೆ ಓದಿದರು. ಸಾಲಿನ ಮಧ್ಯೆ ಅವರು ನಿಂತಾಗೆಲ್ಲ ಸ್ಯಾಕ್ಸೊಫೋನ್ ಆ ಜಾಗ ತುಂಬುತ್ತಿತ್ತು. ಬರೆದಿಟ್ಟ ಸ್ವರ ಅಲ್ಲ, ಅಲ್ಲೇ ಹುಟ್ಟಿದ್ದು. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಹಾಡುತ್ತಲೇ ಹೊಸದಾಗಿ ಸ್ವರ ಕಟ್ಟುವ ಮನೋಧರ್ಮದ ಹಾಗೇ ಅಲ್ವಾ? ಮೈಕ್ ಮಾತ್ರ ಸರಿಯಿಲ್ಲ, ಹಿಂದೆ ಕೂತವರಿಗೆ ಅರ್ಧ ಪದ ಕೇಳಿಸಲಿಲ್ಲ. ಬೇಗ ಹೋಗಿ ಮುಂದೆ ಕೂತುಕೊಳ್ಳಿ. ಮಧ್ಯೆ ಕೊಡುವ ಬಿಸಿ ಕಷಾಯ ಬಿಡಬೇಡಿ.