ಗೇಜ್ 800 ತೋರಿಸಿತು, ನಾನು ಫುಲ್ ಅಂದುಕೊಂಡೆ

ಸೆಕೆಂಡ್ ಹ್ಯಾಂಡ್ ಬಿಯರ್ ಕೆಗ್ ಸೆಟ್ ತೆಗೆದುಕೊಂಡು 350 ಡಾಲರ್ ಹೋಯಿತು. ಅದು ಹೋಗಲಿ. ರಾಜ್ಯೋತ್ಸವದ ಊಟದ ದಿನ ಹನ್ನೆರಡು ಜನರ ಮುಂದೆ ಮರ್ಯಾದೆ ಹೋಯಿತಲ್ಲ, ಅದನ್ನು ಯೋಚಿಸಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಇದನ್ನು ಬರೆಯಲೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ಹೆಂಡತಿ ಬೇಡ ಅಂದಳು, "ನಾಳೆ ಸಂಘದ ಕಾರ್ಯಕ್ರಮದಲ್ಲಿ ಮುಖ ನೋಡಬೇಕಲ್ವಾ" ಅಂತ. ಮೊನ್ನೆ ನನಗೆ ಮಾರಿದ ಅದೇ ಮನುಷ್ಯ ಇನ್ನೊಂದು ಸೆಟ್ ಮಾರಾಟಕ್ಕೆ ಇಟ್ಟಿದ್ದು ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ.

ನಾನಿರುವುದು ನ್ಯೂಜೆರ್ಸಿಯ ಎಡಿಸನ್ ಹತ್ತಿರ. ಎರಡು ವರ್ಷದಿಂದ ಮನೆಯಲ್ಲಿ ಬಿಯರ್ ಮಾಡುತ್ತೇನೆ, ಸುಮ್ನೆ ಹವ್ಯಾಸಕ್ಕೆ. ಇಲ್ಲಿ ಫೆಡರಲ್ ಕಾನೂನು 1978ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಮಾಡಬಹುದು, ಮಾರುವ ಹಾಗಿಲ್ಲ. ಊರಲ್ಲಿರುವ ಗೆಳೆಯರು ಇದನ್ನು ಓದಿ ಬಕೆಟ್ ತರಬೇಡಿ. ಅಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರುತ್ತಾರೆ.

ಇಷ್ಟು ದಿನ ಬಾಟಲಿಗೇ ತುಂಬುತ್ತಿದ್ದೆ. ಮಾಡಿದವರಿಗೆ ಗೊತ್ತು, ಐದು ಗ್ಯಾಲನ್ ಅಂದರೆ ಐವತ್ತು ಬಾಟಲಿ. ಐವತ್ತನ್ನೂ ತೊಳೆಯಬೇಕು, ಸ್ಯಾನಿಟೈಸ್ ಮಾಡಬೇಕು, ಸಕ್ಕರೆ ಲೆಕ್ಕ ಹಾಕಬೇಕು, ಮುಚ್ಚಳ ಒತ್ತಬೇಕು. ಭಾನುವಾರ ಪೂರ್ತಿ ಅಡುಗೆಮನೆ ನನ್ನದು, ಬೈಗುಳವೂ ನನ್ನದು. ಕೆಗ್, ಅಂದರೆ ಬಿಯರ್ ತುಂಬಿಡುವ ದೊಡ್ಡ ಸ್ಟೀಲ್ ಡಬ್ಬಿ, ಇದ್ದರೆ ಒಂದನ್ನು ತೊಳೆದರೆ ಮುಗಿಯಿತು. ಆದರೆ ಕೆಗ್, ಬಿಯರಿಗೆ ನೊರೆ ಬರಿಸುವ ಗ್ಯಾಸ್ ಸಿಲಿಂಡರ್, ಅದರ ಪ್ರೆಶರ್ ಇಳಿಸುವ ರೆಗ್ಯುಲೇಟರ್, ಫ್ರಿಜ್, ಎಲ್ಲ ಹೊಸದು ಅಂದರೆ ಆರು-ಏಳು ನೂರು ಡಾಲರ್ ಮೇಲೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೆ.

ಆಗ ಸಿಕ್ಕಿದ್ದು ಇವರು. ಪ್ರಿನ್ಸ್‌ಟನ್ ಕಡೆ ಮನೆ. ಮೂರು ಕೆಗ್, ಐದು ಪೌಂಡಿನ ಗ್ಯಾಸ್ ಸಿಲಿಂಡರ್ "ಫುಲ್", ರೆಗ್ಯುಲೇಟರ್, ಪೈಪು, ಎರಡು ನಲ್ಲಿ ಇರುವ ಫ್ರಿಜ್, ಎಲ್ಲ ಸೇರಿ 350. ಫೋನ್ ಮಾಡಿದರೆ ಕನ್ನಡ! ಅದೂ ನಮ್ಮ ತುಮಕೂರು ಕಡೆಯ ಕನ್ನಡ. ನಾನು ಅಲ್ಲೇ ಅರ್ಧ ಬಿದ್ದೆ. "ಬೇರೆಯವ್ರು 400 ಕೊಡ್ತೀನಿ ಅಂತಿದಾರೆ, ನಮ್ಮವ್ರು ಅಂತ ನಿಮಗೆ 350" ಅಂದರು. ಆ ಬೇರೆಯವರು ಯಾರು ಅಂತ ನಾನು ಕೇಳಲಿಲ್ಲ.

ಶನಿವಾರ ಗಾಡಿ ತೆಗೆದುಕೊಂಡು ಹೋದೆ. ಹೋದ ತಕ್ಷಣ ಫಿಲ್ಟರ್ ಕಾಫಿ, ಕೋಡುಬಳೆ. ಅವರ ತಾಯಿ ಊರಿಂದ ಬಂದಿದ್ದರು, ನನ್ನ ಹತ್ತಿರ ಅರ್ಧ ಗಂಟೆ ಅಡಿಕೆ ರೇಟಿನ ಬಗ್ಗೆ ಮಾತಾಡಿದರು. ಅಷ್ಟೊತ್ತಿಗೆ ನಾನು ವ್ಯಾಪಾರಕ್ಕೆ ಬಂದವನು ಅನ್ನುವುದೇ ಮರೆತುಹೋಗಿತ್ತು. ನೆಂಟರ ಮನೆಗೆ ಬಂದ ಹಾಗಿತ್ತು. ಕೋಡುಬಳೆ ತಿಂದ ಬಾಯಲ್ಲಿ ಸಿಲಿಂಡರ್ ತೂಕ ಹಾಕಿ ಅಂತ ಹೇಗೆ ಕೇಳುವುದು?

ಗ್ಯಾರೇಜಿಗೆ ಕರೆದುಕೊಂಡು ಹೋದರು. ಇಲ್ಲಿಂದ ಪ್ರತಿಯೊಂದು ನಿಮಿಷವೂ ನನಗೆ ನೆನಪಿದೆ. ರೆಗ್ಯುಲೇಟರ್ ಸಿಲಿಂಡರಿಗೆ ಮೊದಲೇ ಹಾಕಿಟ್ಟಿದ್ದರು. ವಾಲ್ವ್ ತಿರುಗಿಸಿದರು. ಮುಳ್ಳು ಟಕ್ ಅಂತ ಮೇಲೆ ಹೋಗಿ 800ರ ಹತ್ತಿರ ನಿಂತಿತು. ಗೇಜನ್ನು ಬೆರಳಲ್ಲಿ ತಟ್ಟಿ, "ನೋಡಿ ಸರ್, ಫುಲ್ ಇದೆ. ಹೋದ ತಿಂಗಳಷ್ಟೇ ತುಂಬ್ಸಿದ್ದು. ಒಂದು ವರ್ಷ ನೀವು ಇದರ ಕಡೆ ತಿರುಗಿ ನೋಡಂಗಿಲ್ಲ" ಅಂದರು. ನಾನೂ ತಲೆ ಆಡಿಸಿದೆ. ಗೇಜಿನ ಮೇಲೆ ಕೆಂಪು ಪಟ್ಟಿ ಇತ್ತು, ಮುಳ್ಳು ಅದರಿಂದ ದೂರದಲ್ಲಿತ್ತು. ಕಾರಿನ ಪೆಟ್ರೋಲ್ ಮುಳ್ಳಿನ ಹಾಗೇ ಇದೂ ಅಂದುಕೊಂಡೆ. ಇಂಜಿನಿಯರಿಂಗ್ ಓದಿದವನು ನಾನು. ಥರ್ಮೋಡೈನಮಿಕ್ಸ್‌ನಲ್ಲಿ ಪಾಸಾದವನು.

ಕೆಗ್ ಬಗ್ಗೆ ಕೇಳಿದೆ. "ನಿನ್ನೆ ರಾತ್ರಿ ಪೂರ್ತಿ ಬ್ಲೀಚ್ ಹಾಕಿ ನೆನೆಸಿಟ್ಟಿದ್ದೆ ಸರ್, ಪಳಪಳ ಅಂತಿದೆ. ಒಂದ್ಸಲ ನೀರಲ್ಲಿ ಜಾಲಿಸಿ ಹಾಕ್ಕೊಳ್ಳಿ" ಅಂದರು. ಒಂದು ಕೆಗ್ ಮುಚ್ಚಳ ತೆಗೆದು ತೋರಿಸಿದರು. ಒಂದನ್ನೇ. ಉಳಿದೆರಡು ಫ್ರಿಜ್ ಒಳಗೇ ಇದ್ದವು, ಹಾಗೇ ಕಟ್ಟಿ ಗಾಡಿಗೆ ಹತ್ತಿಸಿದೆವು. ದುಡ್ಡು ನಿಂತಲ್ಲೇ ಫೋನಿನಿಂದ ಕಳಿಸಿದೆ. ಬರುವಾಗ ಅವರ ತಾಯಿ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟರು. ಚಟ್ನಿಪುಡಿ ಚೆನ್ನಾಗಿತ್ತು, ಅದರ ಬಗ್ಗೆ ದೂರು ಇಲ್ಲ.

ಅವತ್ತು ರಾತ್ರಿ ನನ್ನಂತೆಯೇ ಬಿಯರ್ ಮಾಡುವ ಗೆಳೆಯನಿಗೆ ಫೋಟೋ ಕಳಿಸಿದೆ. ಅವನು ಕೇಳಿದ್ದು ಒಂದೇ ಮಾತು: "ತೂಕ ಹಾಕಿದೆಯಾ?"

ಯಾಕೆ, ಗೇಜ್ 800 ತೋರಿಸುತ್ತಿದೆಯಲ್ಲ ಅಂದೆ. ಅವನು ನಕ್ಕ. ಸಿಲಿಂಡರ್ ಒಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಇರುತ್ತದೆ. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ, ತುಂಬಿ ತುಳುಕುತ್ತಿದ್ದರೂ, ರೂಮಿನ ಬಿಸಿಗೆ ಪ್ರೆಶರ್ ಅದೇ 800 ಚಿಲ್ಲರೆ ಪಿಎಸ್‌ಐ (ಪ್ರೆಶರಿನ ಅಳತೆ). ದ್ರವ ಪೂರ್ತಿ ಮುಗಿದ ಮೇಲಷ್ಟೇ ಮುಳ್ಳು ಇಳಿಯಲು ಶುರು. ಅಂದರೆ ಆ ಗೇಜ್ ಎಷ್ಟು ಉಳಿದಿದೆ ಅಂತ ಹೇಳುವುದೇ ಇಲ್ಲ. ನಮ್ಮ ಮನೆಯ ಅಡುಗೆ ಗ್ಯಾಸ್ ಸಿಲಿಂಡರನ್ನು ಅಮ್ಮ ಅಲ್ಲಾಡಿಸಿ, ಎತ್ತಿ ನೋಡುತ್ತಿದ್ದಳಲ್ಲ, ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾಗಲಿಲ್ಲ.

ತಕ್ಕಡಿ ಎಲ್ಲಿ? ಇಂಡಿಯಾಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇತ್ತು. ರೆಗ್ಯುಲೇಟರ್ ಬಿಚ್ಚಿದೆ, ಸಿಲಿಂಡರ್ ಕುತ್ತಿಗೆಗೆ ಹಳೇ ಪಂಚೆ ಕಟ್ಟಿ ನೇತುಹಾಕಿದೆ. ಖಾಲಿ ಸಿಲಿಂಡರಿನ ತೂಕ ಅದರ ಭುಜದ ಮೇಲೇ ಕೊರೆದಿರುತ್ತದೆ, ಟಿಡಬ್ಲ್ಯೂ ಅಂತ. ಇದರಲ್ಲಿ 7.6 ಪೌಂಡ್. ಐದು ಪೌಂಡ್ ಗ್ಯಾಸ್ ಸೇರಿ ತಕ್ಕಡಿ 12.6 ತೋರಿಸಬೇಕು. ತೋರಿಸಿದ್ದು 9.2. ಮತ್ತೆ ತೂಗಿದೆ, 9.2. ಪಂಚೆಯ ತೂಕ ಬೇರೆ ಅದರಲ್ಲೇ ಇದೆ! ಗ್ಯಾಸ್ ಒಂದೂವರೆ ಪೌಂಡ್. ಮೂರರಲ್ಲಿ ಒಂದು ಪಾಲೂ ಇಲ್ಲ.

ಮೆಸೇಜ್ ಮಾಡಿದೆ, ಮರ್ಯಾದೆಯಾಗಿಯೇ. ಬಂದ ಉತ್ತರ: "ಗೇಜ್ ನೀವೇ ನೋಡಿದ್ರಲ್ವಾ ಸರ್. ದಾರೀಲಿ ಲೀಕ್ ಆಗಿರ್ಬೇಕು."

ವಾಲ್ವ್ ಮುಚ್ಚಿದ ಸಿಲಿಂಡರ್ ರೂಟ್ ಒನ್‌ನಲ್ಲಿ ಮುಕ್ಕಾಲು ಗಂಟೆಗೆ ಮೂರೂವರೆ ಪೌಂಡ್ ಗ್ಯಾಸ್ ಬಿಟ್ಟಿತಂತೆ. ಹಾಗಾಗಿದ್ದರೆ ಕಿಟಕಿ ಮುಚ್ಚಿದ ಗಾಡಿಯೊಳಗೆ ನಾನೇ ಪ್ರಜ್ಞೆ ತಪ್ಪಿ ಬಿದ್ದಿರುತ್ತಿದ್ದೆ. ಅದನ್ನೇ ಬರೆದೆ. ಅದಕ್ಕೆ ಕೈ ಮುಗಿಯುವ ಚಿತ್ರ ಬಂತು. ಬರೀ ಕೈ ಮುಗಿಯುವ ಚಿತ್ರ!

ಹೋಗಲಿ, ತುಂಬಿಸಿದರಾಯಿತು ಅಂತ ಸೋಮವಾರ ವೆಲ್ಡಿಂಗ್ ಗ್ಯಾಸ್ ಅಂಗಡಿಗೆ ಹೋದೆ. ಅಲ್ಲಿದ್ದವನು ಸಿಲಿಂಡರನ್ನು ಒಂದು ಸುತ್ತು ತಿರುಗಿಸಿ ನೋಡಿ, ವಾಪಸ್ ನನ್ನ ಕೈಗೇ ಕೊಟ್ಟ. ಇಲ್ಲಿ ಈ ಸಿಲಿಂಡರುಗಳಿಗೆ ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಪ್ರೆಶರ್ ಕೊಟ್ಟು ಮಾಡುವ ಪರೀಕ್ಷೆ) ಆಗಬೇಕು, ಆದ ತಿಂಗಳು, ವರ್ಷ ಕೊರೆದಿರಬೇಕು. ನನ್ನದರ ಮೇಲೆ 3 ಮತ್ತು 14. ಅಂದರೆ 2014ರ ಮಾರ್ಚ್. 2019ಕ್ಕೇ ಅವಧಿ ಮುಗಿದಿದೆ. "ಹೋದ ತಿಂಗಳಷ್ಟೇ ತುಂಬಿಸಿದ್ದು" ಅಂದಿದ್ದರಲ್ಲ? ಅವಧಿ ಮುಗಿದ ಸಿಲಿಂಡರನ್ನು ಅಂಗಡಿಯವರು ತುಂಬಿಸುವುದೇ ಇಲ್ಲ. ಹಾಗಾದರೆ ತುಂಬಿಸಿದವರು ಯಾರು, ದೇವರಾ?

ಇದನ್ನೂ ಕೇಳಿದೆ. ಉತ್ತರ: "ಅದೆಲ್ಲಾ ಫಾರ್ಮಾಲಿಟಿ ಸರ್. ಬೇರೆ ಅಂಗಡಿ ಟ್ರೈ ಮಾಡಿ."

ಫಾರ್ಮಾಲಿಟಿ. 800 ಪಿಎಸ್‌ಐ ಇರುವ ಸಿಲಿಂಡರ್ ಮಕ್ಕಳಿರುವ ಮನೆಯಲ್ಲಿ ಇಡುವುದು ಫಾರ್ಮಾಲಿಟಿ.

ಇನ್ನು ಕೆಗ್‌ಗಳ ಕಥೆ. ಮೂರರಲ್ಲಿ ಎರಡು ಬಾಲ್ ಲಾಕ್, ಒಂದು ಪಿನ್ ಲಾಕ್. ಗೊತ್ತಿಲ್ಲದವರಿಗೆ: ಇವೆಲ್ಲ ಮೊದಲು ಹೋಟೆಲುಗಳಲ್ಲಿ ಸೋಡಾ ಸಿರಪ್ ಇಡುತ್ತಿದ್ದ ಕೆಗ್‌ಗಳು. ಪೆಪ್ಸಿಯವರದು ಬಾಲ್ ಲಾಕ್, ಕೋಕ್‌ನವರದು ಪಿನ್ ಲಾಕ್. ಪೈಪನ್ನು ಕೆಗ್ಗಿಗೆ ಸಿಕ್ಕಿಸುವ ಕನೆಕ್ಟರ್ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಇವರು ಕೊಟ್ಟ ಕನೆಕ್ಟರ್ ಎಲ್ಲ ಬಾಲ್ ಲಾಕಿನದು. ಅಂದರೆ ಮೂರನೇ ಕೆಗ್ ಅವರ ಮನೆಯಲ್ಲೂ ಯಾವತ್ತೂ ಓಡಿಲ್ಲ. ಎರಡನೆಯದರಲ್ಲಿ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕಿಗಳು. ಬೆರಳಾಡಿಸಿದರೆ ಉಗುರಿಗೆ ಗುಳಿ ಸಿಗುತ್ತದೆ. ಸ್ಟೀಲಿಗೆ ಬ್ಲೀಚ್ ಹಾಕಿ ರಾತ್ರಿಯಿಡೀ ಬಿಟ್ಟರೆ ಕ್ಲೋರಿನ್ ಹೀಗೇ ತಿನ್ನುತ್ತದೆ. ಪಳಪಳ ಅಂದಿದ್ದರು.

ಉಳಿದದ್ದು ಒಂದು, ನನಗೆ ತೋರಿಸಿದ್ದೇ ಅದು. ಇಲ್ಲಿ ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಅದನ್ನು ಪೂರ್ತಿ ಬಿಚ್ಚಿ ತೊಳೆಯಬೇಕಿತ್ತು. ನಾನು ಬಿಸಿನೀರಲ್ಲಿ ಎರಡು ಸಲ ಜಾಲಿಸಿ, ಸ್ಯಾನಿಟೈಸರ್ ಹಾಕಿ ಮುಗಿಸಿದೆ. ಆಮೇಲೆ ಗೊತ್ತಾಯಿತು, ನಾವು ಬಳಸುವ ಆ ಸ್ಯಾನಿಟೈಸರ್ ಆಸಿಡ್. ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಜಾಲಿಸಿದ್ದರಿಂದ ಬಚಾವಾದೆ.

ಅದಕ್ಕೆ ತುಂಬಿದ ಬಿಯರ್ ಯಾವುದು ಗೊತ್ತಾ? ರಾಗಿಯದು. ಒಂದು ಪೌಂಡ್ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಓವನ್‌ನಲ್ಲಿ ಸಣ್ಣಗೆ ಹುರಿದು, ಹತ್ತು ಪೌಂಡ್ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಹಾಕಿದ್ದೆ. ಕಹಿಗೆ, ಘಮಕ್ಕೆ ಕ್ಯಾಸ್ಕೇಡ್ ಅನ್ನುವ ಜಾತಿಯ ಹಾಪ್ಸ್ ಹೂವು. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಕ್ಯಾಂಪ್‌ಡೆನ್ ಮಾತ್ರೆ ಕೂಡ ಹಾಕಿದ್ದೆ, ಅಷ್ಟು ಜಾಗ್ರತೆ. ಎರಡು ವಾರ ಹುಳಿಯಿಸಿ, ಹುಳಿಯಿಸುವ ಪಾತ್ರೆಯಿಂದಲೇ ಒಂದು ಲೋಟ ಕುಡಿದು ನೋಡಿದಾಗ ಹುರಿಟ್ಟಿನ ಘಮ ಇತ್ತು. ನಿಜವಾಗಿಯೂ ಇತ್ತು.

ಕೆಗ್ಗಿಗೆ ಹಾಕಿ, ಇದ್ದ ಒಂದೂವರೆ ಪೌಂಡ್ ಗ್ಯಾಸ್ 12 ಪಿಎಸ್‌ಐಗೆ ಬಿಟ್ಟು ಮಲಗಿದೆ. ಒಂದು ಕೆಗ್ಗಿಗೆ ಅಷ್ಟು ಧಾರಾಳ ಸಾಕು. ಬೆಳಿಗ್ಗೆ ಎದ್ದು ನೋಡಿದರೆ ಗೇಜ್ ಸೊನ್ನೆ. ಸೋಪಿನ ನೀರು ಹಾಕಿ ಹುಡುಕೋಣ ಅಂದರೆ ಹುಡುಕಲು ಗ್ಯಾಸೇ ಇಲ್ಲ. ಮುಚ್ಚಳದ ಓ-ರಿಂಗ್ (ಗ್ಯಾಸ್ ಸೋರದ ಹಾಗೆ ಹಾಕುವ ರಬ್ಬರ್ ಬಳೆ) ಮಡಿಸಿ ನೋಡಿದೆ, ಹಳೇ ರಬ್ಬರ್ ಬ್ಯಾಂಡಿನ ಹಾಗೆ ಬಿರುಕು. ಹೊಸ ಓ-ರಿಂಗ್ ತಂದೆ. ಹೊಸ ಸಿಲಿಂಡರಿಗೆ, ತುಂಬಿಸುವುದಕ್ಕೆ ಮತ್ತೆ ನೂರು ಡಾಲರ್ ಮೇಲಾಯಿತು. ಮೂರನೇ ದಿನ ಒಂದು ಗುಟುಕು ಕುಡಿದಾಗ ನಾಲಿಗೆಗೆ ಏನೋ ತಟ್ಟಿತು. ಪೈಪಿನ ವಾಸನೆ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಆಗಲೇ ಚೆಲ್ಲಬೇಕಿತ್ತು.

ಊಟದ ದಿನ ನಾನೇ ದೊಡ್ಡದಾಗಿ ಭಾಷಣ ಮಾಡಿದೆ. ನಮ್ಮ ರಾಗಿ, ನಮ್ಮ ಬಿಯರ್, ನಾಡಹಬ್ಬ. ಎಲ್ಲರ ಕೈಗೂ ಲೋಟ ಕೊಟ್ಟೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಗೆಳೆಯನೊಬ್ಬ ಮೆಲ್ಲಗೆ ಕೇಳಿದ, "ಮಗಾ, ಡೆಟಾಲ್ ಹಾಕಿ ಲೋಟ ತೊಳೆದ್ಯಾ?"

ನಾನು ಕುಡಿದೆ. ಡೆಟಾಲೇ. ಸರ್ಕಾರಿ ಆಸ್ಪತ್ರೆಯ ಕಾರಿಡಾರು. ಕ್ಲೋರಿನ್ ಬಿಯರಿನಲ್ಲಿರುವ ಫೀನಾಲ್ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ. ಡೆಟಾಲಿನಲ್ಲಿರುವುದೂ ಅದೇ ಜಾತಿಯ ವಸ್ತು. ಚೂರೇ ಚೂರು ಇದ್ದರೂ ಸಾಕು, ಐದು ಗ್ಯಾಲನ್ ಹಾಳು. ಮರುದಿನ ಕೆಗ್ಗಿನ ಮೇಲೆ ಕನೆಕ್ಟರ್ ಕೂರುವ ಪೋಸ್ಟ್ ಬಿಚ್ಚಿ ಒಳಗಿನ ಉದ್ದ ಟ್ಯೂಬನ್ನು ಹೊರಗೆಳೆದೆ. ಅದರ ಕುತ್ತಿಗೆಯಲ್ಲಿದ್ದ ಓ-ರಿಂಗ್ ಅಡಿಯಲ್ಲಿ ಬ್ಲೀಚ್ ವಾಸನೆ ಇನ್ನೂ ಗಮ್ ಅಂತಿತ್ತು. ಐದು ಗ್ಯಾಲನ್ ರಾಗಿ ಬಿಯರನ್ನು ಬಾತ್‌ರೂಮಿಗೆ ಸುರಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಬಾತ್‌ರೂಮ್ ಆದ್ರೂ ಕ್ಲೀನ್ ಆಯ್ತು ಬಿಡಿ" ಅಂದಳು.

ಕೊನೆಗೆ ಫೋನ್ ಮಾಡಿದೆ. ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದೆ. "ಸರ್, ನೋಡೇ ತಗೊಂಡ್ರಿ. ನಾನೇನು ಬಲವಂತ ಮಾಡಿದ್ನಾ? ನಮ್ಮನೇಲಿ ಎಲ್ಲಾ ಚೆನ್ನಾಗೇ ಇತ್ತು. ನಮ್ಮವ್ರೇ ಹಿಂಗಂದ್ರೆ ಹೆಂಗೆ?" ನಾನು ಮೋಸ ಮಾಡಿದವನ ಹಾಗೆ ಅವರು ಬೇಜಾರು ಮಾಡಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಕಿದ್ರೆ ಪಿನ್ ಲಾಕ್ ಕನೆಕ್ಟರ್ ಇದೆ, 40ಕ್ಕೆ ಕೊಡ್ತೀನಿ" ಅಂದರು. ಇತ್ತಂತೆ! ಅವರ ಹತ್ತಿರವೇ ಇತ್ತಂತೆ! ಬೇಕೆಂದೇ ಎತ್ತಿಟ್ಟುಕೊಂಡು ಕಳಿಸಿದ್ದಾರೆ.

ಫ್ರಿಜ್ ಮಾತ್ರ ಚೆನ್ನಾಗಿ ತಣ್ಣಗಾಗುತ್ತದೆ, ಸುಳ್ಳು ಹೇಳಬಾರದು.

ತೆಗೆದುಕೊಳ್ಳುವವರಿಗೆ: ಸೂಟ್‌ಕೇಸ್ ತಕ್ಕಡಿ ಜೊತೆಗೆ ಒಯ್ಯಿರಿ, ಸಿಲಿಂಡರಿನ ಮೇಲಿನ ವರ್ಷ ಓದಿ. ಪ್ರತಿ ಕೆಗ್ಗಿನ ಮುಚ್ಚಳ ತೆಗೆಸಿ ಟಾರ್ಚ್ ಬಿಡಿ. ಗ್ಯಾಸ್ ಹಾಕಿಸಿ, ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಮನೆಗೆ ತಂದ ಮೇಲೆ ಎಲ್ಲ ರಬ್ಬರೂ ಎಸೆದು ಹೊಸದು ಹಾಕಿ, ಬ್ಲೀಚ್ ಅಂದವರ ಕೆಗ್ ಮುಟ್ಟಬೇಡಿ. ಇದೆಲ್ಲ ಮುಗಿಯುವ ತನಕ ಕಾಫಿ, ಕೋಡುಬಳೆ ಏನೂ ಮುಟ್ಟಬೇಡಿ, ಹೊಟ್ಟೆ ಸರಿ ಇಲ್ಲ ಅನ್ನಿ.

ಯಾರ ಹತ್ತಿರವಾದರೂ ಪಿನ್ ಲಾಕ್ ಕನೆಕ್ಟರ್ ಸುಮ್ನೆ ಬಿದ್ದಿದ್ದರೆ ತಿಳಿಸಿ. ದುಡ್ಡು ಕೊಡುತ್ತೇನೆ. ನಿಮ್ಮ ಮನೆಯಲ್ಲೇ ನನ್ನ ಕೆಗ್ಗಿಗೆ ಹಾಕಿ ತೋರಿಸಬೇಕು, ಕೆಗ್ ನಾನೇ ಹೊತ್ತು ತರುತ್ತೇನೆ. ಕಾಫಿ ಬೇಡ.