ಜಸ್ಟಿನ್‌ಗಿಟಾರ್: ಬೆರಳು ಉರಿಯುವ ದಿನಗಳಲ್ಲಿ ಕೈಬಿಡದ ಆನ್‌ಲೈನ್ ಪಾಠಶಾಲೆ

ಅಕೌಸ್ಟಿಕ್ ಗಿಟಾರ್ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಸಂಗೀತದ ಕಠಿಣ ಘಟ್ಟಗಳನ್ನು ತಲುಪುವುದೇ ಇಲ್ಲ. ಅವರು ಸೋಲುವುದು ಮೊದಲ ಕೆಲವು ವಾರಗಳಲ್ಲಿ. ಎಡಗೈ ಬೆರಳ ತುದಿ ಉರಿಯುತ್ತದೆ, ಒತ್ತಿದ ತಂತಿ ನಾದ ಕೊಡದೆ ಗರಗರ ಎನ್ನುತ್ತದೆ, ಒಂದು ಕಾರ್ಡ್‌ನಿಂದ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಿಂದ) ಇನ್ನೊಂದಕ್ಕೆ ಬೆರಳು ಹೊಂದಿಸಿಕೊಳ್ಳುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತದೆ. ಗಿಟಾರ್ ತಯಾರಿಸುವ ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಮೂನಿ ಅವರು, ಹೊಸದಾಗಿ ಗಿಟಾರ್ ಹಿಡಿದವರಲ್ಲಿ ಶೇ. 90ರಷ್ಟು ಮಂದಿ ಮೊದಲ ವರ್ಷದೊಳಗೇ ಅದನ್ನು ಬಿಟ್ಟುಬಿಡುತ್ತಾರೆ ಎಂದು ಬಹಿರಂಗವಾಗಿಯೇ ಹೇಳಿದ್ದರು. ಆದ್ದರಿಂದ ಆರಂಭಿಕರಿಗಾಗಿ ಇರುವ ಯಾವುದೇ ಆನ್‌ಲೈನ್ ಪಾಠವನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಬಿಟ್ಟುಬಿಡೋಣ ಎಂದು ಮನಸ್ಸು ಹೇಳುವ ಆ ವಾರಗಳಲ್ಲಿ ಇದು ಕಲಿಯುವವರ ಜೊತೆ ನಿಲ್ಲುತ್ತದೆಯೇ? ನಾನು ನೋಡಿದ ಪಾಠಗಳಲ್ಲಿ ಈ ಪರೀಕ್ಷೆಯಲ್ಲಿ ಪೂರ್ತಿಯಾಗಿ ಗೆದ್ದದ್ದು ಜಸ್ಟಿನ್‌ಗಿಟಾರ್.

ಇದನ್ನು ಕಟ್ಟಿದ ಜಸ್ಟಿನ್ ಸ್ಯಾಂಡರ್ಕೋ ಆಸ್ಟ್ರೇಲಿಯಾದ ಟಾಸ್ಮೇನಿಯಾದವರು. ಲಂಡನ್‌ನಲ್ಲಿ ಗಿಟಾರ್ ಕಲಿಸುತ್ತಿದ್ದ ಕಾಲದಲ್ಲಿ, 2003ರಲ್ಲಿ, ಕೆಲವೇ ಮಾದರಿ ಪಾಠಗಳನ್ನು ಇಟ್ಟು ಅವರು ವೆಬ್‌ಸೈಟ್ ಆರಂಭಿಸಿದರು. 2006ರಲ್ಲಿ ಯೂಟ್ಯೂಬ್‌ಗೂ ಬಂದರು. ಅಂದಿನಿಂದ ಇಂದಿನವರೆಗೆ ಮುಖ್ಯ ಪಾಠಕ್ರಮ ಉಚಿತವಾಗಿಯೇ ಉಳಿದಿದೆ, ಅನುಕೂಲವಿದ್ದವರು ತಮ್ಮಿಚ್ಛೆಯಂತೆ ದೇಣಿಗೆ ಕೊಡುತ್ತಾರೆ. ಉಚಿತ ಎಂದ ಮಾತ್ರಕ್ಕೆ ಇದು ಚೆಲ್ಲಾಪಿಲ್ಲಿಯಾದ ವಿಡಿಯೊಗಳ ರಾಶಿಯಲ್ಲ. ಪಾಠಗಳು ಶ್ರೇಣಿಗಳಾಗಿ, ಪ್ರತಿ ಶ್ರೇಣಿಯೂ ಸಣ್ಣ ಸಣ್ಣ ಘಟಕಗಳಾಗಿ ವಿಂಗಡವಾಗಿವೆ. ಪ್ರತಿ ವಿಡಿಯೊದ ಕೆಳಗೆ ಅದೇ ವಿಷಯ ಬರಹದಲ್ಲೂ ಚಿತ್ರದಲ್ಲೂ ಇರುತ್ತದೆ. ಗಿಟಾರ್ ಹಿಡಿಯುವ ಬಗೆ, ತಂತಿಗಳನ್ನು ಶ್ರುತಿ ಮಾಡುವ ಬಗೆ, ತಂತಿ ಮೀಟುವ ಪಿಕ್ ಹಿಡಿಯುವ ಬಗೆ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆಯೇ ಮೊದಲ ಕಾರ್ಡ್ ಬರುತ್ತದೆ. ಊರಿನಲ್ಲಿ ತಬಲಾ, ಕೀಬೋರ್ಡ್ ಹೇಳಿಕೊಡುವವರು ಸಿಕ್ಕಿದರೂ ಗಿಟಾರ್ ಮೇಷ್ಟ್ರು ಸಿಗದ ನಮ್ಮ ತಾಲ್ಲೂಕು ಕೇಂದ್ರಗಳ ಮಕ್ಕಳಿಗೆ ಈ ಕ್ರಮಬದ್ಧತೆಯೇ ದೊಡ್ಡ ಆಸರೆ.

ಈ ಪಾಠಕ್ರಮದ ಜಾಣತನವನ್ನು ಕಾಣಬೇಕಾದರೆ ಮೊದಲ ಮೂರು ಕಾರ್ಡ್‌ಗಳನ್ನು ಹತ್ತಿರದಿಂದ ನೋಡಬೇಕು. ಹಲವರು ಸಿ ಅಥವಾ ಜಿ ಕಾರ್ಡ್‌ನಿಂದ ಪಾಠ ಆರಂಭಿಸುತ್ತಾರೆ. ಹೊಸಬರ ಬೆರಳುಗಳು ಅಷ್ಟು ಅಗಲಕ್ಕೆ ಚಾಚಿಕೊಳ್ಳಲು ಹೆಣಗುತ್ತವೆ. ಸ್ಯಾಂಡರ್ಕೋ ಡಿ ಮತ್ತು ಎ ಎಂಬ ಎರಡು ಕಾರ್ಡ್‌ಗಳಿಂದ ಆರಂಭಿಸಿ ಆಮೇಲೆ ಇ ಕಾರ್ಡ್ ಕೊಡುತ್ತಾರೆ. ಎ ಕಾರ್ಡ್‌ನಲ್ಲಿ ಎರಡನೆಯ ಫ್ರೆಟ್‌ನಲ್ಲೇ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಮೂರು ತಂತಿಗಳನ್ನು ಒತ್ತಬೇಕು. ಅನೇಕ ಪುಸ್ತಕಗಳು ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಎಂದು ಸಾಲಾಗಿ ಇಡಿಸುತ್ತವೆ. ಇವರು, ಅತಿ ತೆಳು ತಂತಿಯಿಂದ ಎಣಿಸಿದರೆ, ಮಧ್ಯದ ಬೆರಳನ್ನು ನಾಲ್ಕನೆಯ ತಂತಿಗೆ, ತೋರುಬೆರಳನ್ನು ಮೂರನೆಯ ತಂತಿಗೆ, ಉಂಗುರದ ಬೆರಳನ್ನು ಎರಡನೆಯ ತಂತಿಗೆ ಇಡಿಸುತ್ತಾರೆ. ಮೊದಲ ನೋಟಕ್ಕೆ ಇದು ತಿರುಚಿದಂತೆ ತೋರುತ್ತದೆ. ಆದರೆ ಡಿ ಕಾರ್ಡ್‌ನಲ್ಲೂ ತೋರುಬೆರಳು ಅದೇ ಮೂರನೆಯ ತಂತಿಯ ಎರಡನೆಯ ಫ್ರೆಟ್‌ನಲ್ಲೇ ಇರುತ್ತದೆ. ಅಂದರೆ ಎ ಕಾರ್ಡ್‌ನಿಂದ ಡಿ ಕಾರ್ಡ್‌ಗೆ ಹೋಗುವಾಗ ತೋರುಬೆರಳನ್ನು ಎತ್ತಬೇಕಾಗಿಯೇ ಇಲ್ಲ. ಅದು ನೆಟ್ಟಲ್ಲೇ ಇರುತ್ತದೆ, ಉಳಿದೆರಡು ಬೆರಳುಗಳು ಅದರ ಸುತ್ತ ಜಾಗ ಬದಲಿಸುತ್ತವೆ. ಇ ಕಾರ್ಡ್‌ಗೆ ಹೋಗಬೇಕಾದಾಗ ಅದೇ ಬೆರಳು ಅದೇ ತಂತಿಯ ಮೇಲೆ ಒಂದು ಫ್ರೆಟ್ ಹಿಂದಕ್ಕೆ ಜಾರಿದರೆ ಸಾಕು. ಮೂರು ಕಾರ್ಡ್‌ಗಳಿಗೂ ಒಂದೇ ಆಧಾರ ಸಿಕ್ಕಿದ ಕೂಡಲೇ, ಕತ್ತಲೆಯಲ್ಲಿ ತಡಕಾಡುತ್ತಿದ್ದ ಕೈಗೆ ಗೋಡೆ ಸಿಕ್ಕಂತಾಗುತ್ತದೆ. ಹೊಸಬರಿಗೆ ಬೇಕಾದ ಪ್ರೋತ್ಸಾಹ ಇಂಥ ಯೋಜನೆಯಲ್ಲೇ ಅಡಗಿದೆ ಎಂಬುದು ನನ್ನ ದೃಢ ಅಭಿಪ್ರಾಯ. "ನಿಮ್ಮಿಂದ ಆಗುತ್ತದೆ" ಎಂದು ನೂರು ಸಲ ಹೇಳುವ ಬದಲು, ನಿಜವಾಗಿ ಆಗುವಂಥ ಕೆಲಸವನ್ನೇ ಮೊದಲು ಕೊಡುವುದು ಒಳ್ಳೆಯ ಮೇಷ್ಟರ ಲಕ್ಷಣ.

ಅಭ್ಯಾಸದ ವಿಧಾನಗಳಲ್ಲಿ ಎರಡನ್ನು ಹೆಸರಿಸಲೇಬೇಕು. ಒಂದು, ಕಾರ್ಡ್ ಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟಿ, ಯಾವುದು ಸ್ಪಷ್ಟವಾಗಿ ಕೇಳುತ್ತಿಲ್ಲವೋ ಅಲ್ಲಿ ಬೆರಳನ್ನು ಸರಿಪಡಿಸಿ, ಕೈ ತೆಗೆದು, ಮತ್ತೆ ಹಿಡಿಯುವುದು. ತಪ್ಪಾಗಿ ಅಭ್ಯಾಸ ಮಾಡಿದರೆ ತಪ್ಪೇ ಕೈಗೆ ಕೂರುತ್ತದೆ ಎಂಬ ಎಚ್ಚರಿಕೆಯನ್ನು ಅವರು ಪದೇ ಪದೇ ಕೊಡುತ್ತಾರೆ. ಇನ್ನೊಂದು, ಒಂದು ನಿಮಿಷದ ಕಾರ್ಡ್ ಬದಲಾವಣೆ. ಮೊಬೈಲ್‌ನಲ್ಲಿ 60 ಸೆಕೆಂಡಿನ ಟೈಮರ್ ಇಟ್ಟುಕೊಂಡು, ಎರಡು ಕಾರ್ಡ್‌ಗಳ ನಡುವೆ ಎಷ್ಟು ಸಲ ಬದಲಿಸಲು ಸಾಧ್ಯವಾಯಿತು ಎಂದು ಎಣಿಸಿ ಬರೆದಿಡಬೇಕು. ನಿಮಿಷಕ್ಕೆ 30 ಬದಲಾವಣೆ ಬಂದರೆ ಮುಂದಿನ ಪಾಠಕ್ಕೆ ಹೋಗುವಷ್ಟು ಕೈ ಕುದುರಿದೆ ಎಂದರ್ಥ, 60 ಬಂದರೆ ಬಹಳ ಚೆನ್ನಾಯಿತು. ಈ ವ್ಯಾಯಾಮ ಕೇವಲ ವೇಗ ಹೆಚ್ಚಿಸುವುದಿಲ್ಲ. ಗಿಟಾರ್ ಕಲಿಕೆಯ ಮೊದಲ ವಾರಗಳಲ್ಲಿ ಕಿವಿಗೆ ಪ್ರಗತಿ ಗೊತ್ತಾಗುವುದಿಲ್ಲ, ನಿನ್ನೆಯೂ ಗರಗರ, ಇಂದೂ ಗರಗರ. ಆ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆದಿಟ್ಟ ಅಂಕಿಯೊಂದೇ, ಕೈ ಮುಂದುವರಿಯುತ್ತಿದೆ ಎಂದು ಸಾಕ್ಷಿ ಹೇಳುತ್ತದೆ.

ಐವತ್ತು ದಾಟಿದ ಮೇಲೆ ಗಿಟಾರ್ ಹಿಡಿದ ನನ್ನ ಅಕ್ಕನ ವಿಷಯದಲ್ಲಿ ಇದನ್ನು ಕಣ್ಣಾರೆ ಕಂಡೆ. ಶಿವಮೊಗ್ಗದ ಮನೆಯಲ್ಲಿ ಭಾವಗೀತೆ ಹಾಡಿಕೊಂಡಿದ್ದವಳಿಗೆ ತನ್ನ ಹಾಡಿಗೆ ತಾನೇ ಗಿಟಾರ್ ನುಡಿಸಬೇಕೆಂಬ ಆಸೆ. ಆರಂಭದಲ್ಲಿ "ಬೆರಳು ಸುಟ್ಟ ಹಾಗೆ ಉರಿಯತ್ತೆ ಕಣೋ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು" ಎಂದು ಫೋನಿನಲ್ಲಿ ಹೇಳುತ್ತಿದ್ದವಳು, ಕ್ಯಾಲೆಂಡರಿನ ಚೌಕಗಳಲ್ಲಿ ಪ್ರತಿದಿನದ ಎಣಿಕೆ ಬರೆಯಲು ತೊಡಗಿದ ಮೇಲೆ "ನಿನ್ನೆಗಿಂತ ಮೂರು ಜಾಸ್ತಿ ಬಂತು" ಎಂದು ಹೇಳಲು ಫೋನ್ ಮಾಡತೊಡಗಿದಳು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ನೋವು ಹೆಚ್ಚಾದರೆ ನಿಲ್ಲಿಸಿ ನಾಳೆ ಮತ್ತೆ ಕೂರಬಹುದು ಎಂಬ ಸಮಾಧಾನವೂ ಆ ವಯಸ್ಸಿನವರಿಗೆ ಮುಖ್ಯ. ಕೆಲವು ವಾರಗಳಲ್ಲಿ ಬೆರಳ ತುದಿಯ ಚರ್ಮ ಗಟ್ಟಿಯಾಗಿ ಉರಿ ತಾನಾಗಿಯೇ ಇಳಿಯುತ್ತದೆ; ಒಂದೇ ದಿನ ಎರಡು ಗಂಟೆ ಒತ್ತಿ ಗುಳ್ಳೆ ಎಬ್ಬಿಸಿಕೊಂಡರೆ ಮಾತ್ರ ವಾರವಿಡೀ ವಾದ್ಯ ಮುಟ್ಟಲಾಗದು.

ಎರಡು ಮೂರು ಕಾರ್ಡ್ ಬಂದ ಕೂಡಲೇ ಹಾಡು ನುಡಿಸಲು ಹಚ್ಚುವುದು ಈ ಪಾಠಕ್ರಮದ ಇನ್ನೊಂದು ಬಲ. ಕನ್ನಡ ಕಲಿಕಾರ್ಥಿ ಸ್ವಲ್ಪ ಸ್ವಂತ ದಾರಿ ಮಾಡಿಕೊಳ್ಳಬೇಕಾದದ್ದೂ ಇಲ್ಲಿಯೇ. ಅಲ್ಲಿನ ಹಾಡುಗಳು ಪಾಶ್ಚಾತ್ಯ ಪಾಪ್, ರಾಕ್, ಜಾನಪದ ಹಾಡುಗಳು. ಆರಂಭದ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಸವರಿ ನುಡಿಸುವುದು) ಬಹುಪಾಲು ನಾಲ್ಕು ಪೆಟ್ಟಿನ ಎಣಿಕೆಯಲ್ಲಿ ನಡೆಯುತ್ತದೆ. ನಮ್ಮ ಸುಗಮ ಸಂಗೀತದಲ್ಲಿ ಎಂಟು ಮಾತ್ರೆಯ ಕೆಹರ್ವಾಕ್ಕೆ ಇದು ನೇರವಾಗಿ ಹೊಂದುತ್ತದೆ, ಆರು ಮಾತ್ರೆಯ ದಾದ್ರಾದಲ್ಲಿರುವ ಅಸಂಖ್ಯ ಭಾವಗೀತೆಗಳಿಗೆ ಹೊಂದುವುದಿಲ್ಲ. ಇದಕ್ಕೆ ಪರಿಹಾರ ಸುಲಭ: ಒಂದು ಮತ್ತು ನಾಲ್ಕನೆಯ ಮಾತ್ರೆಗಳಲ್ಲಿ ದಪ್ಪ ತಂತಿಯನ್ನು ಒಂಟಿಯಾಗಿ ಮೀಟಿ, ಉಳಿದ ನಾಲ್ಕು ಮಾತ್ರೆಗಳಲ್ಲಿ ತೆಳು ತಂತಿಗಳನ್ನು ಮೃದುವಾಗಿ ಕೆಳಮುಖವಾಗಿ ಸವರಿದರೆ ದಾದ್ರಾದ ತೂಗು ತಾನಾಗಿ ಬರುತ್ತದೆ. ಕಾಲಿನಿಂದ ಎಣಿಕೆ ಹಾಕುತ್ತಲೇ ನುಡಿಸಬೇಕೆಂದು ಸ್ಯಾಂಡರ್ಕೋ ಮೊದಲ ಪಾಠಗಳಿಂದಲೇ ಹೇಳುವುದರಿಂದ, ತಾಳ ಹಾಕಿ ಹಾಡಿ ಅಭ್ಯಾಸವಿರುವ ನಮ್ಮವರಿಗೆ ಈ ಭಾಗ ಹೊಸದೆನಿಸುವುದಿಲ್ಲ.

ಶ್ರುತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಎ, ಡಿ, ಇ ಕಾರ್ಡ್‌ಗಳು ನಮ್ಮ ಲೆಕ್ಕದಲ್ಲಿ ಷಡ್ಜ, ಶುದ್ಧ ಮಧ್ಯಮ, ಪಂಚಮಗಳ ಮೇಲೆ ನಿಂತ ಕಾರ್ಡ್‌ಗಳು. ಆದ್ದರಿಂದ ಶಂಕರಾಭರಣದ ಸ್ವರಗಳಲ್ಲಿ ಓಡಾಡುವ ಸರಳ ಹಾಡುಗಳಿಗೆ ಈ ಮೂರರಲ್ಲೇ ಜೊತೆ ಕೊಡಬಹುದು. ಹಾರ್ಮೋನಿಯಂನ ಬಿಳಿ ಆರರ ಶ್ರುತಿಯಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ಈ ಕಾರ್ಡ್‌ಗಳು ಇದ್ದಂತೆಯೇ ಸಾಕು. ಕಪ್ಪು ಐದರವರು, ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಹಿಡಿಕೆಯಾದ ಕೇಪೋವನ್ನು ಮೊದಲ ಫ್ರೆಟ್‌ಗೆ ಹಾಕಿಕೊಳ್ಳಬೇಕು. ಕಪ್ಪು ಒಂದರಲ್ಲಿ ಹಾಡುವ ಗಂಡಸರು ನಾಲ್ಕನೆಯ ಫ್ರೆಟ್‌ಗೆ ಹಾಕಿಕೊಂಡು ಅದೇ ಬೆರಳುಗಳಲ್ಲಿ ನುಡಿಸಬಹುದು. ಮೊದಲ ಘಟಕಗಳಲ್ಲಿ ಕಲಿತದ್ದು ಇಷ್ಟು ಬೇಗ ಮನೆಯ ಹಾಡಿಗೆ ಒದಗುತ್ತದೆ ಎಂದು ಗೊತ್ತಾದರೆ ಕಲಿಯುವವರ ಉತ್ಸಾಹ ಎಷ್ಟೋ ಪಟ್ಟು ಹೆಚ್ಚುತ್ತದೆ. ಮುಂದೆ ಎ ಮೈನರ್, ಇ ಮೈನರ್, ಡಿ ಮೈನರ್, ಆಮೇಲೆ ಸಿ ಮತ್ತು ಜಿ ಬರುತ್ತವೆ. ಹೊಸಬರನ್ನು ಅತಿ ಹೆಚ್ಚು ಹೆದರಿಸುವ ಎಫ್ ಕಾರ್ಡ್ ಮೊದಲ ಶ್ರೇಣಿಯಲ್ಲಿ ಇಲ್ಲವೇ ಇಲ್ಲ, ಅಷ್ಟರ ಮಟ್ಟಿಗೆ ನಿಶ್ಚಿಂತೆ.

ಭಾಷೆ ಇಂಗ್ಲಿಷ್. ಮಾತು ಸ್ಪಷ್ಟವಾಗಿದ್ದರೂ ಆಸ್ಟ್ರೇಲಿಯಾದ ಉಚ್ಚಾರ ಹೊಸದೆನಿಸುವವರು ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ ನೋಡಬಹುದು. ಬೆರಳುಗಳ ಸಮೀಪದ ದೃಶ್ಯ ಮತ್ತು ಚಿತ್ರಗಳೇ ಮುಕ್ಕಾಲು ಪಾಠ ಹೇಳಿಬಿಡುತ್ತವೆ.

ವಿಡಿಯೊ ಪಾಠಕ್ಕೆ ಇರುವ ನಿಜವಾದ ಮಿತಿಯೆಂದರೆ, ನಾವು ಮೇಷ್ಟರನ್ನು ನೋಡುತ್ತೇವೆ, ಮೇಷ್ಟರು ನಮ್ಮನ್ನು ನೋಡುವುದಿಲ್ಲ. ಮಣಿಕಟ್ಟು ಅತಿಯಾಗಿ ಬಾಗಿದೆ, ಹೆಬ್ಬೆರಳು ಗಿಟಾರಿನ ಕತ್ತನ್ನು ಹಿಂಡುತ್ತಿದೆ, ಹೆಗಲು ಕಿವಿಯ ಹತ್ತಿರ ಏರಿದೆ, ಬೆರಳು ಫ್ರೆಟ್‌ನ ಪಟ್ಟಿಗೆ ಹತ್ತಿರವಿಲ್ಲದೆ ಹಿಂದೆ ಬಿದ್ದಿದೆ ಎಂಬುದನ್ನು ಪಕ್ಕದಲ್ಲಿ ಕುಳಿತ ಗುರು ಒಂದು ಕ್ಷಣದಲ್ಲಿ ತಿದ್ದುತ್ತಾರೆ. ಮೈಕ್ ಮೂಲಕ ಸ್ವರ ಆಲಿಸಿ ಅಂಕ ಕೊಡುವ ಯೂಸಿಶಿಯನ್‌ನಂಥ ಆ್ಯಪ್‌ಗಳು ಸ್ವರ ಸರಿಯೇ ಎಂದು ಹೇಳಬಲ್ಲವು, ಆ ಸ್ವರ ತೆಗೆಯಲು ಮಣಿಕಟ್ಟು ಪಟ್ಟ ಕಷ್ಟವನ್ನು ಹೇಳಲಾರವು. ಆದ್ದರಿಂದ ಕನ್ನಡಿಯ ಮುಂದೆ ಕುಳಿತು ಅಭ್ಯಾಸ ಮಾಡುವುದು, ವಾರಕ್ಕೊಮ್ಮೆ ಫೋನಿನಲ್ಲಿ ತಮ್ಮ ಕೈಯನ್ನು ತಾವೇ ಚಿತ್ರೀಕರಿಸಿ ಪಾಠದ ವಿಡಿಯೊ ಪಕ್ಕದಲ್ಲಿಟ್ಟು ಹೋಲಿಸುವುದು ಅಗತ್ಯ. ಹತ್ತಿರದ ಪಟ್ಟಣದಲ್ಲಿ ಗಿಟಾರ್ ಬಲ್ಲವರಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಕೈ ತೋರಿಸಿಕೊಂಡು ಬರುವುದು ಇನ್ನೂ ಒಳ್ಳೆಯದು. ಮಣಿಕಟ್ಟಿನಲ್ಲಿ ಅಥವಾ ಮೊಣಕೈಯಲ್ಲಿ ನೋವು ಕಾಣಿಸಿಕೊಂಡರೆ ಅದನ್ನು ಬೆರಳ ತುದಿಯ ಉರಿಯಂತೆ ಸಹಿಸಿಕೊಳ್ಳಬಾರದು. ಕೂರುವ ಭಂಗಿ ತಪ್ಪಾಗಿದೆ ಎಂಬುದರ ಸೂಚನೆ ಅದು.

ಪಾಠ ಎಷ್ಟೇ ಚೆನ್ನಾಗಿದ್ದರೂ ವಾದ್ಯ ಸಹಕರಿಸದಿದ್ದರೆ ಕಲಿಯುವವರು ದೋಷವನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ, ಇದು ನನಗೆ ಅತ್ಯಂತ ಬೇಸರ ತರುವ ಸಂಗತಿ. ಅಗ್ಗದ ಗಿಟಾರ್‌ಗಳಲ್ಲಿ ತಂತಿಗಳು ಫ್ರೆಟ್‌ಗಳಿಂದ ಬಹಳ ಎತ್ತರದಲ್ಲಿರುತ್ತವೆ, ಒತ್ತಲು ಪೈಲ್ವಾನನ ಬಲ ಬೇಕು. 12ನೆಯ ಫ್ರೆಟ್‌ನ ಹತ್ತಿರ ದಪ್ಪ ತಂತಿಯ ಎತ್ತರ 2.5 ಮಿ.ಮೀ. ಆಸುಪಾಸಿನಲ್ಲಿದೆಯೇ ಎಂದು ಅಳತೆಪಟ್ಟಿ ಇಟ್ಟು ನೋಡಬೇಕು. ತೀರ ಹೆಚ್ಚಿದ್ದರೆ ವಾದ್ಯದ ಅಂಗಡಿಯಲ್ಲಿ ಇಳಿಸಿಕೊಡುತ್ತಾರೆ. ಸಾಮಾನ್ಯವಾಗಿ ಬರುವ 0.012 ಇಂಚಿನ ತಂತಿಗಳ ಬದಲು 0.010 ಇಂಚಿನಿಂದ ಆರಂಭವಾಗುವ ತೆಳು ತಂತಿಗಳ ಸೆಟ್ ಹಾಕಿಸಿದರೆ ಬೆರಳಿಗೆ ಎಷ್ಟೋ ಹಗುರ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿಡದೆ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ತೇವಕ್ಕೆ ಮರ ಉಬ್ಬಿ ತಂತಿಗಳು ಮತ್ತೆ ಮೇಲೇರುತ್ತವೆ.

ಹಣ ಕೊಡಬೇಕಾದ ಭಾಗಗಳೂ ಇಲ್ಲಿವೆ. ಹಾಡಿನ ಹಿನ್ನೆಲೆ ಸಂಗೀತದೊಂದಿಗೆ ನುಡಿಸಲು ಅನುಕೂಲ ಮಾಡಿಕೊಡುವ ಮೊಬೈಲ್ ಆ್ಯಪ್ ಮತ್ತು ಸಂಗೀತ ಶಾಸ್ತ್ರದ ಪಾಠಕ್ರಮಕ್ಕೆ ಚಂದಾ ಇದೆ. ಶಾಸ್ತ್ರದ ಪಾಠಗಳು ಎರಡನೆಯ ಶ್ರೇಣಿ ಮುಗಿಸಿದವರಿಗೆ ಹೆಚ್ಚು ಉಪಯುಕ್ತ, ಅದಕ್ಕೂ ಮುಂಚೆ ತಲೆಭಾರವಾಗಬಹುದು. ಹಿಂದೊಮ್ಮೆ ಗಿಟಾರ್ ಕೊಂಡು, ಕೈಬಿಟ್ಟು, ಅದನ್ನು ಅಟ್ಟಕ್ಕೆ ಏರಿಸಿದವರು ಸಂಕೋಚಪಡದೆ ಹೊಸ ತಂತಿ ಹಾಕಿಸಿ, ಮೊದಲ ಶ್ರೇಣಿಯ ಮೊದಲ ಪಾಠದಿಂದಲೇ ಆರಂಭಿಸಲಿ. ಗೊತ್ತಿರುವ ಭಾಗ ಬೇಗ ಮುಗಿಯುತ್ತದೆ, ತಪ್ಪಾಗಿ ಕುಳಿತ ಅಭ್ಯಾಸಗಳು ಅಲ್ಲೇ ಸರಿಹೋಗುತ್ತವೆ. ಆ ಶ್ರೇಣಿ ಮುಗಿಯುವವರೆಗೆ ಚಂದಾದ ಯಾವ ಭಾಗವೂ ಬೇಕಾಗುವುದಿಲ್ಲ, ಆ ಹಣವನ್ನು ಒಂದು ಗಟ್ಟಿಮುಟ್ಟಾದ ಕೇಪೋ ಮತ್ತು ಇನ್ನೊಂದು ಸೆಟ್ ತಂತಿಗೆ ಎತ್ತಿಡುವುದು ಮೇಲು.